ಕಿಸೆಯ ಎರಡನೆಯ ಚಾಕು

ಕಿಸೆಯಲ್ಲಿ ಚಾಕು ಇಟ್ಟುಕೊಳ್ಳುವ ಅಭ್ಯಾಸವುಳ್ಳವರಲ್ಲಿ ಮೊದಲನೆಯ ಚಾಕನ್ನು ತಾವಾಗಿ ಆರಿಸಿಕೊಂಡವರು ವಿರಳ. ಅದು ಹೇಗೋ ಬಂದು ಸೇರಿರುತ್ತದೆ. ಕೊಟ್ಟೂರಿನ ತೇರಿನಲ್ಲಿ, ಬೆಂಡು ಬತ್ತಾಸಿನ ಅಂಗಡಿಗಳ ಸಾಲು ಮುಗಿಯುವಲ್ಲಿ ಗೋಣಿತಟ್ಟು ಹಾಸಿ ಕುಳಿತವನೊಡನೆ ಚೌಕಾಸಿ ಮಾಡಿ ಕೊಂಡದ್ದಿರಬಹುದು. ಹಿರಿಯರ ಎಲೆಯಡಿಕೆಯ ಸಂಚಿಯಲ್ಲಿ ಅಡಕೊತ್ತಿನ ಜೊತೆಗೆ ಉಳಿದು ಬಂದದ್ದಿರಬಹುದು. ಪರದೇಶದಲ್ಲಿರುವ ಅಣ್ಣನ ಮಗ ರಜೆಗೆ ಬರುವಾಗ ತಂದ, ಕೆಂಪು ಹಿಡಿಯ ಮೇಲೆ ಬಿಳಿಯ ಶಿಲುಬೆಯುಳ್ಳ ಉಡುಗೊರೆಯಿರಬಹುದು. ಬಂದದ್ದನ್ನು ಒಪ್ಪಿಕೊಂಡು ಅದರ ಗುಣಕ್ಕೆ ಕೈಯನ್ನು ಹೊಂದಿಸಿಕೊಳ್ಳುತ್ತೇವೆ. ಎರಡನೆಯದರ ಮಾತು ಬೇರೆ. ಇದ್ದುದೊಂದು ಸಾಲದೆಂದು, ಹಣ ಕೊಟ್ಟು, ಬೇಕೆಂದೇ ತರುವಂಥದು ಅದು. ಸಾಲದೆ ಹೋದದ್ದು ಏನು ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟುತ್ತದೆ. ಅದಕ್ಕೆ ಉತ್ತರ ಹೇಳಲಾರದವನು ಎಂಥ ಒಳ್ಳೆಯ ಛಾಪಿನ ಚಾಕು ತಂದರೂ ಅದು ಮೇಜಿನ ಖಾನೆಯಲ್ಲಿ ಮಲಗಿಬಿಡುತ್ತದೆ.

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಹಗರಿಬೊಮ್ಮನಹಳ್ಳಿಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದ ನನ್ನ ಮಿತ್ರರೊಬ್ಬರು. ಊರವರ ಬಾಯಲ್ಲಿ ಅವರು ಇಂದಿಗೂ ಮೇಷ್ಟ್ರು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹನ್ನೆರಡು ವರ್ಷಗಳಿಂದ ಅವರ ಅಂಗಿಯ ಕಿಸೆಯಲ್ಲಿ ಸ್ವಿಟ್ಜರ್‌ಲೆಂಡಿನ ಕೆಂಪು ಚಾಕೊಂದು ಇದೆ. ಶಾಲೆಯಲ್ಲಿದ್ದಷ್ಟು ದಿನ ಅದಕ್ಕೆ ಪೆನ್ಸಿಲು, ದಾರ, ಲಕೋಟೆ, ಹಬ್ಬದ ದಿನ ಮಾವಿನ ತೋರಣ, ಹೆಚ್ಚೆಂದರೆ ಕನ್ನಡಕದ ಸಡಿಲವಾದ ತಿರುಪು, ಇಷ್ಟೇ ಕೆಲಸ. ಈಗ ಹಡಗಲಿಯ ಕಡೆ ಇರುವ ಪಿತ್ರಾರ್ಜಿತ ಹೊಲಕ್ಕೆ ದಿನವೂ ಹೋಗುತ್ತಾರೆ. ಅರ್ಧ ಎಕರೆ ಮಲ್ಲಿಗೆ, ಉಳಿದದ್ದು ಉಳ್ಳಾಗಡ್ಡಿ, ಬದುವಿನ ಮೇಲೆ ನಾಲ್ಕು ಹುಣಸೆಯ ಮರ. ಕೆಲಸ ಬದಲಾಯಿತು, ಚಾಕು ಬದಲಾಗಲಿಲ್ಲ. ಇನ್ನೊಂದು ಬೇಕು ಎಂದು ಅವರಿಗೆ ಅನ್ನಿಸಿದಾಗ ಕೇಳಿದವರೆಲ್ಲ ಒಂದೇ ಸಲಹೆ ಕೊಟ್ಟರಂತೆ: ಅದೇ ಛಾಪಿನದು, ಇನ್ನೂ ದೊಡ್ಡದು ತರಿಸಿರಿ. ಅದು ಸರಿಯಲ್ಲವೆಂದು ನನ್ನ ಮತ. ಯಾಕೆ ಸರಿಯಲ್ಲವೆಂಬುದನ್ನು ಹೇಳುವುದಕ್ಕೆ ಸ್ವಲ್ಪ ದೂರದಿಂದಲೇ ಬರಬೇಕಾಗುತ್ತದೆ.

ನಮ್ಮ ಈ ಸೀಮೆಯಲ್ಲಿ, ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸುತ್ತಿನಲ್ಲಿ, ಕೊಯ್ಯುವ ಸಾಧನಗಳಿಗೆ ಕೊರತೆಯಿಲ್ಲ. ಆಡಳಿತದ ನಕ್ಷೆಯಲ್ಲಿ ಈ ಊರುಗಳು ಬಹಳ ತಿರುಗಿವೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾಯಿತು. 2021ರಲ್ಲಿ ಐದೂ ಸೇರಿ ವಿಜಯನಗರ ಜಿಲ್ಲೆಯ ಪಾಲಾದುವು. ಆದರೆ ಮನೆಯೊಳಗಿನ ನಕ್ಷೆ ಅಲುಗಿಲ್ಲ. ಅಡುಗೆಮನೆಯಲ್ಲಿ ಈಳಿಗೆಮಣೆ, ಹಿತ್ತಿಲ ಬಾಗಿಲ ಮೇಲೆ ಸಿಕ್ಕಿಸಿದ ಕುಡುಗೋಲು, ಮೂಲೆಯಲ್ಲಿ ಕೊಡಲಿ, ಅಜ್ಜನ ಸಂಚಿಯಲ್ಲಿ ಅಡಕೊತ್ತು. ಪ್ರತಿಯೊಂದಕ್ಕೂ ಒಂದು ಸ್ಥಾನ, ಒಂದು ಕೆಲಸ. ಇವೆಲ್ಲ ಮನೆಯ ಆಯುಧಗಳು. ಮೈಮೇಲೆ ಇರುತ್ತಿದ್ದದ್ದು ಇನ್ನೊಂದೇ: ಉಡಿದಾರಕ್ಕೆ ಕಟ್ಟಿದ ಚಿಮಟ. ಜಾಲಿಯ ಮುಳ್ಳಿನ ನಾಡಿನಲ್ಲಿ ಅದಿಲ್ಲದೆ ಕುರಿಯ ಹಿಂದೆ ನಡೆಯುವಂತಿರಲಿಲ್ಲ. ಎಲ್ಲಿಂದಲೋ ಬಂದು ಹಬ್ಬಿದ ಮರವೊಂದಕ್ಕೆ ಕನ್ನಡನಾಡೆಲ್ಲ ‘ಬಳ್ಳಾರಿ ಜಾಲಿ’ ಎಂದು ನಮ್ಮ ಹೆಸರನ್ನೇ ಅಂಟಿಸಿಬಿಟ್ಟಿರುವಾಗ ಚಿಮಟದ ಗೌರವವನ್ನು ಬೇರೆ ಹೇಳಬೇಕಾಗಿಲ್ಲ. ಸ್ವಿಸ್ ಚಾಕಿನ ಹಿಡಿಯ ತುದಿಯಲ್ಲಿ ಒಂದು ಪುಟ್ಟ ಚಿಮಟವೂ ಒಂದು ಹಲ್ಲುಕಡ್ಡಿಯೂ ಅಡಗಿರುವುದನ್ನು ಕಂಡ ಕುರುಬರ ಮುದುಕರೊಬ್ಬರು, ಉಳಿದದ್ದೆಲ್ಲ ಏಕೆ ಬೇಕಿತ್ತು ಎಂದು ಮೇಷ್ಟ್ರನ್ನು ಕೇಳಿದರಂತೆ.

ಬರೆಹದವರಿಗೂ ಚಾಕಿಗೂ ಹಳೆಯ ನಂಟು. ಇಂಗ್ಲಿಷಿನಲ್ಲಿ ಸಣ್ಣ ಮಡಿಸುವ ಚಾಕಿಗೆ ಇರುವ ‘ಪೆನ್‌ನೈಫ್’ ಎಂಬ ಹೆಸರೇ ಬಾತಿನ ಗರಿಯನ್ನು ಕೆತ್ತಿ ಲೇಖನಿ ಮಾಡುತ್ತಿದ್ದ ಕಾಲದ್ದು. ನಮ್ಮಲ್ಲಿ ಲೆಕ್ಕಣಿಕೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ನಡುವೆ ಸೀಳು ಬಿಟ್ಟು, ಮಸಿ ಹಿಡಿಯುವಂತೆ ಮಾಡುವುದು ಶಾನುಭೋಗರ ಮನೆಯ ಹುಡುಗರು ಅಕ್ಷರಕ್ಕಿಂತ ಮೊದಲು ಕಲಿಯಬೇಕಾದ ವಿದ್ಯೆಯಾಗಿತ್ತು. ಗರಿಯೂ ಹೋಯಿತು, ಲೆಕ್ಕಣಿಕೆಯೂ ಹೋಯಿತು, ಚಾಕು ಕಿಸೆಯಲ್ಲಿ ಉಳಿಯಿತು. ಒಂದು ಕೆಲಸ ತಪ್ಪಿದರೆ ಹತ್ತು ಕೆಲಸ ಹುಡುಕಿಕೊಳ್ಳುವ ಜಾತಿ ಅದು.

ಇನ್ನು ಛಾಪಿನ ಮಾತು. ಚಾಕಿನ ಅಲಗಿನ ಬುಡದಲ್ಲಿ, ಹಿಡಿಗೆ ಅಂಟಿಕೊಂಡಿರುವ ಕಡೆ, ಒಂದು ಗುರುತು ಒತ್ತಿರುತ್ತದೆ. ಮಾಡಿದವನು ತನ್ನ ಮಾನವನ್ನು ಅಡವಿಡುವ ಜಾಗ ಅದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರಾಜರ್ಸ್ ಮನೆತನದ ಗುರುತು ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ. ವಸಾಹತು ಕಾಲದಲ್ಲಿ ಆ ಎರಡು ಚಿಹ್ನೆಗಳು ಭಾರತದ ಪೇಟೆಗಳಿಗೂ ಬಂದುವು. ಇಂಗ್ಲಿಷು ಓದಲು ಬಾರದವನೂ ಚಿಕ್ಕೆಯನ್ನೂ ಶಿಲುಬೆಯನ್ನೂ ಕಣ್ಣಿನಿಂದ ಗುರುತಿಸಬಲ್ಲ. ಛಾಪಿನ ಉಪಯೋಗವೇ ಅದು. (ಇದೇ ಮನೆಯವರು 1822ರಲ್ಲಿ ವರ್ಷಕ್ಕೊಂದರಂತೆ 1822 ಅಲಗುಗಳುಳ್ಳ ಒಂದು ಚಾಕನ್ನು ಮಾಡಿದರು. ಅದರಿಂದ ಒಂದು ಹಣ್ಣನ್ನಾದರೂ ಕೊಯ್ಯುವುದು ಸಾಧ್ಯವಿಲ್ಲ. ಅಲಗು ಹೆಚ್ಚಿದಷ್ಟೂ ಚಾಕು ಒಳ್ಳೆಯದೆಂಬ ಭ್ರಮೆಗೆ ಅದಕ್ಕಿಂತ ದೊಡ್ಡ ಸ್ಮಾರಕ ಬೇಡ.) ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಸಂಸ್ಥೆ ಸ್ವತಂತ್ರವಾಗಿ ಉಳಿಯದೆ ಹೆಸರು ಅನ್ಯರ ಕೈಸೇರಿತು. ಚಿಹ್ನೆ ಉಳಿದಿದೆ, ಅದರ ಹಿಂದೆ ಇದ್ದ ಕೈ ಬೇರೆ.

ಇದಕ್ಕೆ ವಿಪರೀತವಾದ ಕಥೆ ನಮ್ಮದು. ಇಲ್ಲಿ ಕೈ ಇತ್ತು, ಉಕ್ಕು ಇತ್ತು, ಛಾಪು ಇರಲಿಲ್ಲ. ದಕ್ಷಿಣ ಭಾರತದ ಮೂಸೆಯುಕ್ಕು ಯೂರೋಪಿನಲ್ಲಿ ‘ವೂಟ್ಜ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆ ಶಬ್ದ ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರು ಹೇಳುತ್ತಾರೆ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ 1795ರಲ್ಲಿ ಅದರ ವಿಷಯವಾಗಿ ಪ್ರಬಂಧ ಓದಿದನು. ಅದೇ ನಗರದ ಸ್ಟ್ರಾಂಡ್ ಬೀದಿಯಲ್ಲಿ ಕತ್ತಿ, ಚಾಕು, ಶಸ್ತ್ರವೈದ್ಯದ ಉಪಕರಣಗಳ ಅಂಗಡಿಯಿಟ್ಟಿದ್ದ ಜೇಮ್ಸ್ ಸ್ಟೋಡಾರ್ಟ್ ಎಂಬವನು, ವರ್ಷಗಟ್ಟಲೆ ಹೋಲಿಸಿ ನೋಡಿದ ಮೇಲೆ ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ಭಾರತದ ಈ ಉಕ್ಕೇ ತನಗೆ ಮೆಚ್ಚು ಎಂದು ತನ್ನ ಅಂಗಡಿಯ ಚೀಟಿಯಲ್ಲಿಯೇ ಅಚ್ಚು ಹಾಕಿಸಿದ್ದನು. ವಿದ್ಯುತ್ತಿನ ಮಹಾವಿಜ್ಞಾನಿ ಮೈಕೆಲ್ ಫ್ಯಾರಡೆ ಇದೇ ಸ್ಟೋಡಾರ್ಟನೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗಗಳನ್ನು ನಡೆಸಿ 1820ರಲ್ಲಿಯೂ 1822ರಲ್ಲಿಯೂ ಪ್ರಕಟಿಸಿದನು. ಒಬ್ಬ ಚಾಕು ಮಾಡುವವನೂ ಒಬ್ಬ ವಿಜ್ಞಾನಿಯೂ ಕೂಡಿ ನಮ್ಮ ಉಕ್ಕಿನ ಗುಟ್ಟನ್ನು ಹುಡುಕುತ್ತಿದ್ದ ಆ ಕಾಲದಲ್ಲಿ, ಅದನ್ನು ಕಾಯಿಸಿದವರ ಹೆಸರು ಯಾವ ಅಲಗಿನ ಮೇಲೂ ಇರಲಿಲ್ಲ. ಕೂಡ್ಲಿಗಿಯಿಂದ ಸಂಡೂರಿನ ಕೆಂಪು ಬೆಟ್ಟಗಳು ದೂರವಲ್ಲ. ಅಲ್ಲಿಯ ಅದಿರು ಇಂದು ತೋರಣಗಲ್ಲಿನ ಭಾರಿ ಕಾರ್ಖಾನೆಯಲ್ಲಿ ಕರಗಿ ಹಾಳೆಯೂ ಸಲಾಕೆಯೂ ಆಗುತ್ತದೆ. ಕಿಸೆಚಾಕು ಮಾತ್ರ ಸ್ವಿಟ್ಜರ್‌ಲೆಂಡಿನಿಂದ ಬರುತ್ತದೆ!

ಆ ಸ್ವಿಸ್ ಚಾಕಿನ ಚರಿತ್ರೆಯೂ ತಿಳಿದುಕೊಳ್ಳತಕ್ಕದ್ದೇ. ಕಾರ್ಲ್ ಎಲ್ಸೆನರ್ ಎಂಬಾತ ಶ್ವೀಟ್ಸ್ ಪ್ರಾಂತದ ಈಬಾಕ್ ಎಂಬಲ್ಲಿ ತನ್ನ ಕಾರ್ಯಾಗಾರವನ್ನು ತೆರೆದದ್ದು 1884ರಲ್ಲಿ. ಆಗ ಸ್ವಿಸ್ ಸೈನಿಕರಿಗೆ ಬೇಕಾದ ಚಾಕನ್ನು ಸ್ವದೇಶದಲ್ಲಿ ಮಾಡುವವರಿಲ್ಲದೆ ಜರ್ಮನಿಯ ಜೋಲಿಂಗೆನ್ ನಗರದಿಂದ ತರಿಸಬೇಕಾಗಿತ್ತು. ಎಲ್ಸೆನರ್ ಸ್ವದೇಶದ ಚಾಕುಗಾರರನ್ನು ಒಟ್ಟುಗೂಡಿಸಿ 1891ರಲ್ಲಿ ಸೇನೆಗೆ ತಮ್ಮದೇ ಚಾಕುಗಳನ್ನು ಒದಗಿಸಿದನು. ಹಗುರವಾದ ‘ಅಧಿಕಾರಿಯ ಚಾಕು’ 1897ರ ಜೂನ್ 12ರಂದು ನೋಂದಣಿಯಾಯಿತು. ತಾಯಿ ವಿಕ್ಟೋರಿಯಾ 1909ರಲ್ಲಿ ತೀರಿಕೊಂಡಾಗ ಅವಳ ಹೆಸರನ್ನೇ ಸಂಸ್ಥೆಗೆ ಇಟ್ಟನು. ತುಕ್ಕು ಹಿಡಿಯದ ಉಕ್ಕನ್ನು ಸೂಚಿಸುವ ‘ಇನಾಕ್ಸ್’ ಎಂಬುದು ಅದಕ್ಕೆ ಸೇರಿ 1921ರಲ್ಲಿ ‘ವಿಕ್ಟೋರಿನಾಕ್ಸ್’ ಆಯಿತು. ಅರ್ಧ ತಾಯಿ, ಅರ್ಧ ಲೋಹ! ಇದರ ಪಕ್ಕದಲ್ಲಿ ಜೂರಾ ಪ್ರಾಂತದ ಡೆಲೆಮಾನ್ ಊರಿನ ‘ವೆಂಗರ್’ ಬೆಳೆಯಿತು. ಎರಡು ಪ್ರಾಂತಗಳಿಗೂ ಬೇಸರವಾಗದಂತೆ 1908ರಿಂದ ಸರಕಾರ ಸೇನೆಯ ಬೇಡಿಕೆಯನ್ನು ಇಬ್ಬರಿಗೂ ಅರ್ಧರ್ಧ ಹಂಚಿತು. ಲೋಕದಲ್ಲಿ ಎಷ್ಟೋ ಮಂದಿ ಮೊದಲು ಒಂದನ್ನು ಕೊಂಡು, ಎರಡನೆಯದಾಗಿ ಇನ್ನೊಂದನ್ನು ಕೊಂಡು, ಬೇರೆ ಛಾಪಿನ ಸುಖವನ್ನು ಅನುಭವಿಸಿದರು. 2005ರಲ್ಲಿ ವಿಕ್ಟೋರಿನಾಕ್ಸ್ ವೆಂಗರನ್ನು ಕೊಂಡಿತು. ಕೆಲವೇ ವರ್ಷಗಳಲ್ಲಿ ವೆಂಗರ್ ಹೆಸರಿನ ಚಾಕುಗಳು ನಿಂತುಹೋದುವು. ಛಾಪು ಬೇರೆಯಾದ ಮಾತ್ರಕ್ಕೆ ಚಾಕು ಬೇರೆಯಾಗುವುದಿಲ್ಲವೆಂಬುದಕ್ಕೆ ಇದು ನಿದರ್ಶನ. ಬೇರೆಯಾಗಬೇಕಾದದ್ದು ಉಕ್ಕು, ಕೀಲು, ಹಿಡಿ ಮತ್ತು ಮಾಡಿದವರ ಮನೋಧರ್ಮ.

ಮೇಷ್ಟ್ರ ಕೆಂಪು ಚಾಕಿಗೆ ಮರಳೋಣ. ಅದರ ಗುಣಗಳು ದೊಡ್ಡವು. ಅಲಗು ಬೆವರಿಗೂ ನಿಂಬೆಯ ಹುಳಿಗೂ ಜಗ್ಗುವುದಿಲ್ಲ. ಉಕ್ಕನ್ನು ಬೇಕೆಂದೇ ಅತಿಯಾಗಿ ಗಡಸು ಮಾಡಿರುವುದಿಲ್ಲ. ಆದ್ದರಿಂದ ಮೊಂಡಾದರೂ ಮಸೆಯುವುದು ಸುಲಭ. ಮನೆಯಲ್ಲಿ ಸಾಣೆಕಲ್ಲಿಲ್ಲದಿದ್ದರೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ಅದರ ತಳದ ಹೊಳಪಿಲ್ಲದ ಒರಟು ಅಂಚಿನ ಮೇಲೆ ನಾಲ್ಕು ಸಲ ಎಳೆದರೆ ಬಾಯಿ ಮರಳಿ ಬರುತ್ತದೆ. ಆದರೆ ಹೊಲದಲ್ಲಿ ಅದರ ಮಿತಿಗಳು ಕಾಣತೊಡಗಿದುವು. ಮಲ್ಲಿಗೆಯ ಹೊಸ ಸಸಿಗಳನ್ನು ಕಡ್ಡಿಯಿಂದ ಎಬ್ಬಿಸುತ್ತಾರೆ. ಕಡ್ಡಿಯನ್ನು ಗಿಣ್ಣಿನ ಕೆಳಗೆ ಒಂದೇ ಎಳೆತಕ್ಕೆ ಕೊಯ್ಯಬೇಕು. ಅಲಗು ಮೊಂಡಾಗಿದ್ದರೆ ತೊಗಟೆ ನಜ್ಜುಗುಜ್ಜಾಗಿ, ಬೇರು ಬರುವ ಬದಲು ಕೊಳೆ ಬರುತ್ತದೆ. ‘ಹಡಗಲಿ ಮಲ್ಲಿಗೆ’ಯೆಂಬ ಹೆಸರಿಗೆ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆಯಷ್ಟೆ, ಹೂವಿಗೂ ಛಾಪು ಬಂದ ಕಾಲ ಇದು. ಆ ಛಾಪು ಉಳಿಯುವುದು ಇಂಥ ಕಡ್ಡಿಗಳ ಮೇಲೆ. ಉಳ್ಳಾಗಡ್ಡಿಯ ಚೀಲಗಳ ಪ್ಲಾಸ್ಟಿಕ್ ಹುರಿ, ಹನಿನೀರಾವರಿಯ ಕೊಳವೆ, ಗೊಬ್ಬರದ ಚೀಲದ ಹೊಲಿಗೆ, ಇವುಗಳನ್ನು ದಿನಕ್ಕೆ ಇಪ್ಪತ್ತು ಸಲ ಕತ್ತರಿಸುವಾಗ, ಉಗುರಿನಿಂದ ಎಬ್ಬಿಸಿ ತೆರೆಯಬೇಕಾದ ಅಲಗು ಮಣ್ಣು ಮೆತ್ತಿದ ಕೈಗೆ ಒಲಿಯುವುದಿಲ್ಲ. ಹಲವು ಉಪಕರಣಗಳನ್ನು ಒತ್ತಾಗಿ ಜೋಡಿಸಿದ ಹಿಡಿ ಬಹಳ ಹೊತ್ತು ಬಿಗಿಹಿಡಿಯುವುದಕ್ಕೆ ಹೇಳಿ ಮಾಡಿಸಿದ್ದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಿಸೆಯ ಅಳತೆಯ ಈ ಮಾದರಿಗಳಲ್ಲಿ ಅಲಗನ್ನು ತೆರೆದು ನಿಲ್ಲಿಸುವುದು ಬೆನ್ನಿನ ಸ್ಪ್ರಿಂಗಿನ ಒತ್ತಡ ಮಾತ್ರ, ಅಗುಳಿ ಇಲ್ಲ. ಅಗುಳಿಯುಳ್ಳವು ದೊಡ್ಡ ಮಾದರಿಗಳು.

ಅಗುಳಿಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮೇಷ್ಟ್ರ ಎಡಗೈಯ ತೋರುಬೆರಳಿನ ಒಳಬದಿಯಲ್ಲಿ ಬಿಳಿಯ ಗೆರೆಯೊಂದಿದೆ. ಹುಡುಗನಾಗಿದ್ದಾಗ ಜಾತ್ರೆಯಲ್ಲಿ ಕೊಂಡ, ಯಾವ ಹೆಸರೂ ಇಲ್ಲದ ಚಾಕೊಂದು ತೆಂಗಿನ ಚಿಪ್ಪಿನ ಮೇಲೆ ಒತ್ತುತ್ತಿದ್ದಾಗ ತಟ್ಟನೆ ಮಡಿಸಿಕೊಂಡಿತಂತೆ. ಐವತ್ತು ವರ್ಷಗಳಾದರೂ ಚಳಿಗಾಲದಲ್ಲಿ ಆ ಬೆರಳು ಪೂರ್ತಿ ಬಗ್ಗುವುದಿಲ್ಲ. ಕರಿಹಲಗೆಯ ಮೇಲೆ ಬರೆಯುವ ಕೈ ಬಲಗೈಯಾದದ್ದು ಅವರ ಪುಣ್ಯ. ಜಾತ್ರೆಯ ಚಾಕುಗಳೆಲ್ಲ ಕೆಟ್ಟವೆಂದು ಹೇಳುತ್ತಿಲ್ಲ. ಆದರೆ ಕೊಳ್ಳುವ ಮುನ್ನ ನೋಡಬೇಕಾದ ಲಕ್ಷಣಗಳಿವೆ. ಅಲಗನ್ನು ಅರ್ಧ ತೆರೆದು ಅಡ್ಡಕ್ಕೆ ಅಲುಗಿಸಿದರೆ ಕೀಲು ಸಡಿಲವೋ ಬಿಗಿಯೋ ತಿಳಿಯುತ್ತದೆ. ಪೂರ್ತಿ ತೆರೆದಾಗ ‘ಟಕ್’ ಎಂಬ ಶಬ್ದ ಬರಬೇಕು. ಹಿಡಿಯ ಪಟ್ಟಿಗಳ ನಡುವೆ ಬೆಳಕು ಹಾಯಬಾರದು. ಶಿಲುಬೆಯ ಚಿತ್ರ ಹಿಡಿಯ ಮೇಲಿದ್ದರೆ ಸಾಲದು, ಅಲಗಿನ ಬುಡದಲ್ಲಿ ಹೆಸರು ಸ್ಪಷ್ಟವಾಗಿ ಒತ್ತಿರಬೇಕು. ಕೆಂಪು ಹಿಡಿಗೆ ಬಿಳಿ ಶಿಲುಬೆ ಬಳಿದ ನಕಲುಗಳು ದೇಶದ ಎಲ್ಲ ಸಂತೆಗಳಲ್ಲಿಯೂ ಸಿಕ್ಕುತ್ತವೆ.

ಮೇಷ್ಟ್ರು ಮೊದಲು ಹೋದದ್ದು ತಮ್ಮೂರ ಕಮ್ಮಾರನ ಬಳಿಗೆ. ಇದು ಅವರ ಸ್ವಭಾವಕ್ಕೆ ತಕ್ಕುದೇ. ಅವನು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಕುಡುಗೋಲು ಮಾಡಿದರೆ ಹತ್ತು ಸುಗ್ಗಿ ಬಾಳುತ್ತದೆ. ಆ ಪಟ್ಟಿ ಒಳ್ಳೆಯ ಇಂಗಾಲದ ಉಕ್ಕು. ಅಲಗಿನ ಬಣ್ಣ ನೋಡಿ ಎಣ್ಣೆಗೋ ನೀರಿಗೋ ಅದ್ದುವ ಕ್ಷಣವನ್ನು ಅವನು ಯಾವ ಉಷ್ಣಮಾಪಕವೂ ಇಲ್ಲದೆ ಬಲ್ಲ. ಮಡಿಸುವ ಚಾಕು ಮಾಡಿಕೊಡುವೆಯಾ ಎಂದು ಕೇಳಿದ್ದಕ್ಕೆ, “ಬಡಿಯೋದು ಎಷ್ಟು ಬೇಕಾದ್ರೂ ಬಡಿತೀನಿ ಮೇಷ್ಟ್ರೆ, ಮಡಚೋದಕ್ಕೆ ಗಡಿಯಾರದವನ ಕೈ ಬೇಕು” ಎಂದನಂತೆ. ಇದರಲ್ಲಿ ವಿನಯವೂ ಇದೆ, ಸತ್ಯವೂ ಇದೆ. ಕೀಲಿನ ರಂಧ್ರ, ಮೊಳೆ, ಅಲಗು ಇವುಗಳ ನಡುವೆ ಕೂದಲೆಳೆಯ ಅಂತರ ಹೆಚ್ಚಾದರೂ ಚಾಕು ಅಲ್ಲಾಡುತ್ತದೆ, ಕಡಮೆಯಾದರೂ ತೆರೆಯುವುದಿಲ್ಲ. ಒಂದೇ ಕುಲುಮೆಯಲ್ಲಿ ಕೊಡಲಿಯನ್ನೂ ಇದನ್ನೂ ಮಾಡುವುದು ಕಷ್ಟ. ಅವನು ಗೇಣುದ್ದದ, ಮಡಿಸದ ಒಂದು ಸಣ್ಣ ಚೂರಿಯನ್ನು ಮಾಡಿಕೊಟ್ಟ. ಅದು ಈಗ ತೋಟದ ಗುಡಿಸಲಿನ ತೊಲೆಗೆ ಚುಚ್ಚಿಕೊಂಡಿದೆ, ಮೇಷ್ಟ್ರ ಮನೆಯವರು ಬಾಳೆನಾರು ಸೀಳಲು ಅದನ್ನಲ್ಲದೆ ಬೇರೊಂದನ್ನು ಮುಟ್ಟುವುದಿಲ್ಲ. ಕಿಸೆಯ ಪ್ರಶ್ನೆ ಹಾಗೆಯೇ ಉಳಿಯಿತು.

ನಮ್ಮ ದೇಶದ ಹೆಸರಾದ ಮಡಿಸುವ ಚಾಕು ಯಾವುದೆಂದರೆ ಉತ್ತರಪ್ರದೇಶದ ರಾಮಪುರದ್ದು. ಕೆಲಸಗಾರಿಕೆ ಚೆಲುವಾದದ್ದೇ. ಆದರೆ ಹಿಂದಿ ಚಲಚ್ಚಿತ್ರಗಳ ಖಳರು ಅದನ್ನು ಎಷ್ಟು ಸಲ ಝಳಪಿಸಿದರೆಂದರೆ, ಮಲ್ಲಿಗೆಯ ತೋಟಕ್ಕೆ ಅದನ್ನು ಒಯ್ದವನನ್ನೂ ಜನ ತಿರುಗಿ ನೋಡುತ್ತಾರೆ. ಕಿಸೆಯ ಚಾಕು ಕಂಡವರ ಎದೆಯಲ್ಲಿ ಭಯ ಹುಟ್ಟಿಸಬಾರದು. ಪಕ್ಕದಲ್ಲಿ ಕುಳಿತವರು ಕೈಚಾಚಿ ‘ಸ್ವಲ್ಪ ಕೊಡಿ’ ಎಂದು ಕೇಳುವಂತಿರಬೇಕು. ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿ ಮುಗಿಸುತ್ತೇನೆ. 1959ರ ಶಸ್ತ್ರ ಅಧಿನಿಯಮದ ಅಡಿಯಲ್ಲಿ ರಚಿತವಾದ ನಿಯಮಗಳು ಶಸ್ತ್ರವೆಂದು ಎಣಿಸುವುದು ಅಲಗು 9 ಅಂಗುಲಕ್ಕಿಂತ ಉದ್ದವಾಗಿ ಅಥವಾ 2 ಅಂಗುಲಕ್ಕಿಂತ ಅಗಲವಾಗಿ ಇರುವ ಕತ್ತಿ ಚಾಕುಗಳನ್ನು. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗೆಂದು ಮಾಡಿದವು ಅದಕ್ಕೆ ಹೊರತು. ಕಿಸೆಚಾಕಿನ ಅಲಗು ಇದರ ಅರ್ಧದಷ್ಟೂ ಇರುವುದಿಲ್ಲ. ಆದರೂ ವಿಮಾನದ ಕೈಚೀಲದಲ್ಲಿ ಅದು ಸಲ್ಲದು. ಸಭೆ, ಮೆರವಣಿಗೆ, ನ್ಯಾಯಾಲಯಗಳಿಗೆ ಹೋಗುವಾಗ ಮನೆಯಲ್ಲಿಯೇ ಬಿಟ್ಟುಹೋಗುವುದು ವಿವೇಕ.

ಹೀಗೆ ಒಂದೊಂದನ್ನೇ ಬಿಡುತ್ತ ಬಂದಾಗ ಉಳಿದದ್ದು ಫ್ರಾನ್ಸಿನ ಬೆಟ್ಟನಾಡು ಸವಾಯ್ ಪ್ರಾಂತದ ಒಂದು ಬಡಚಾಕು. ಜೋಸೆಫ್ ಒಪಿನೆಲ್ ಎಂಬ ತರುಣ 1890ರಲ್ಲಿ ಇದನ್ನು ರೂಪಿಸಿದ್ದು ತನ್ನ ಸುತ್ತಲಿನ ರೈತರಿಗಾಗಿ, ದನಗಾಹಿಗಳಿಗಾಗಿ. 1897ರಲ್ಲಿ ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಕೊಟ್ಟು ಹನ್ನೆರಡು ಅಳತೆಗಳಲ್ಲಿ ಮಾಡಿದನು. ಕಿರೀಟ ಧರಿಸಿದ ಹಸ್ತ ಇದರ ಛಾಪಾದದ್ದು 1909ರಲ್ಲಿ. ಬೀಚ್ ಮರದ ಒಂದು ದುಂಡು ಹಿಡಿ, ಅದರಲ್ಲೊಂದು ಸೀಳು, ಒಂದೇ ಒಂದು ತೆಳು ಅಲಗು, ಒಂದು ಮೊಳೆ, ಕೊರಳಿಗೆ ಉಂಗುರ. ಆ ಉಂಗುರ 1955ರಲ್ಲಿ ಸೇರಿದ್ದು. ಅದನ್ನು ಬೆರಳಿನಿಂದ ತಿರುಗಿಸಿದರೆ ತೆರೆದ ಅಲಗು ಮಡಿಸಿಕೊಳ್ಳದು. ಅಗುಳಿಯೆಂದರೆ ಇಷ್ಟೇ. ಇದರಲ್ಲಿ ತಿರುಪುಳಿಯಿಲ್ಲ, ಕತ್ತರಿಯಿಲ್ಲ, ಸೀಸೆಯ ಬಿರಡೆ ಕೀಳುವ ಸುರುಳಿಯಿಲ್ಲ. ಎಲ್ಲ ಕೆಲಸಕ್ಕೂ ಒದಗುವ ಚಾಕನ್ನು ಒಂದು ದೇಶ ಮಾಡಿತು, ಕೊಯ್ಯುವುದೊಂದನ್ನೇ ಬಲ್ಲ ಚಾಕನ್ನು ಅದರ ನೆರೆಯ ದೇಶ ಮಾಡಿತು. ಮೊದಲನೆಯದು ಕಿಸೆಯಲ್ಲಿದ್ದವನಿಗೆ ಎರಡನೆಯದೇ ತಕ್ಕ ಜೊತೆ; ಮೊದಲನೆಯದರ ಹಿರಿಯಣ್ಣನಲ್ಲ.

ಇಲ್ಲಿ ಒಂದು ಕವಲು ಬರುತ್ತದೆ. ಈ ಚಾಕು ಎರಡು ಬಗೆಯ ಉಕ್ಕಿನಲ್ಲಿ ದೊರೆಯುತ್ತದೆ. ಒಂದು ತುಕ್ಕು ಹಿಡಿಯದ್ದು, ಇನ್ನೊಂದು ಶೇಕಡಾ 0.9ರಷ್ಟು ಇಂಗಾಲವುಳ್ಳ ಸಾದಾ ಉಕ್ಕು. ತುಕ್ಕು ಹಿಡಿಯದ ಉಕ್ಕಿನ ಮರ್ಮ ಅದರಲ್ಲಿ ಬೆರೆಸಿದ ಕ್ರೋಮಿಯಮ್; ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಅಂಥ ಉಕ್ಕನ್ನು ಎರಕ ಹೊಯ್ದ ಮೇಲೆ ಲೋಕದ ಊಟದ ಮೇಜುಗಳೇ ಬೆಳಗಿದುವು. ಕೊಂಕಣದವರಿಗೂ ಮಲೆನಾಡಿನವರಿಗೂ ನಾನು ತುಕ್ಕು ಹಿಡಿಯದ್ದನ್ನೇ ಹೇಳುತ್ತಿದ್ದೆ. ಅಲ್ಲಿ ಸಾದಾ ಉಕ್ಕನ್ನು ಆಷಾಢದಲ್ಲಿ ಒಂದು ರಾತ್ರಿ ಮರೆತರೆ ಬೆಳಗಾಗುವಷ್ಟರಲ್ಲಿ ಕೆಂಪಾಗಿರುತ್ತದೆ. ನಮ್ಮದು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಒಣಸೀಮೆ. ಮಳೆಯಿಲ್ಲದ್ದಕ್ಕೆ ಸದಾ ಮರುಗುವ ನಾವು ಈ ಒಂದು ಲಾಭವನ್ನಾದರೂ ಪಡೆಯಬಾರದೇಕೆ? ಸಾದಾ ಉಕ್ಕಿನ ಅಲಗು ಕೂದಲಿನಷ್ಟು ತೆಳುವಾದ ಬಾಯಿಯನ್ನು ತಾಳಬಲ್ಲದು, ಕಲ್ಲಿನ ಮೇಲೆ ಬೇಗ ಹರಿತವಾಗುವುದು. ಮಲ್ಲಿಗೆಯ ಕಡ್ಡಿಗೆ ಬೇಕಾದದ್ದು ಅದೇ. ಕೊಬ್ಬರಿ ಎಣ್ಣೆಯ ಒಂದು ಹನಿಯನ್ನು ವಾರಕ್ಕೊಮ್ಮೆ ಒರಸಿದರೆ ಸಾಕು. ಹುಳಿಯ ಪದಾರ್ಥ ಕೊಯ್ದರೆ ಅಲಗು ಕಪ್ಪಾಗುತ್ತದೆ, ನಿಜ. ಆ ಕಪ್ಪು ತುಕ್ಕಲ್ಲ. ತುಕ್ಕನ್ನು ತಡೆಯುವ ಒಂದು ಪೊರೆ. ಆದರೆ ಮದುವೆಯ ಮನೆಗೆ ಮಾತ್ರ ಈ ಚಾಕನ್ನು ಎರವಲು ಕೊಡಬೇಡಿರಿ. ನಮ್ಮ ಕಡೆ ಮದುಮಗನ ಕೈಯಲ್ಲಿ ಚಾಕು ಕೊಟ್ಟು ಅದರ ತುದಿಗೆ ನಿಂಬೆಹಣ್ಣು ಚುಚ್ಚುವ ಪದ್ಧತಿಯಿದೆಯಷ್ಟೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಅಲಗು ಕಾಡಿಗೆಯಾಗಿ, ಬೀಗರ ಕಡೆಯ ಹೆಂಗಸರಿಗೆ ಒಂದು ಮಾತು ಸಿಕ್ಕುತ್ತದೆ. ಅಂಥ ಮಂಗಳಕಾರ್ಯಕ್ಕೆ ಸ್ವಿಸ್ ಚಾಕೇ ಸರಿ.

ಅಳತೆಯ ವಿಷಯದಲ್ಲಿ ಆಸೆಗೆ ಕಡಿವಾಣವಿರಬೇಕು. ಎಂಟನೆಯ ಸಂಖ್ಯೆಯ ಅಲಗು 8.5 ಸೆಂಟಿಮೀಟರು, ಏಳನೆಯದು 8, ಆರನೆಯದು 7. ಲೋಕವೆಲ್ಲ ಎಂಟನ್ನು ಮೆಚ್ಚುತ್ತದೆ. ಅಂಗಿಯ ಎದೆಗಿಸೆಯಲ್ಲಿಯೇ ಚಾಕು ಇಡುವ ಮೇಷ್ಟ್ರಂಥವರಿಗೆ ಎಂಟು ಉದ್ದವಾಯಿತು, ಬಗ್ಗಿದರೆ ಜಾರುತ್ತದೆ. ಪಂಚೆಯ ಉಡಿಯಲ್ಲಿ ಸಿಕ್ಕಿಸುವವರಿಗೆ ಅದು ಸರಿಹೋದೀತು. ಏಳನ್ನು ತರಿಸಿರೆಂದು ನಾನು ಹೇಳಿದೆ. ಹೊಸಪೇಟೆಯ ಪೇಟೆಯಲ್ಲಿ ಸುಲಭವಾಗಿ ಸಿಕ್ಕುವ ವಸ್ತುವಲ್ಲ. ಬೆಂಗಳೂರಿನಿಂದಲೋ ಅಂತರ್ಜಾಲದ ವ್ಯಾಪಾರಿಗಳಿಂದಲೋ ತರಿಸಬೇಕು. ಇದಕ್ಕಿಂತ ಹತ್ತು ಪಟ್ಟು ಬೆಲೆಯ ಅಮೆರಿಕದ, ಜಪಾನಿನ ಚಾಕುಗಳೂ ಅಲ್ಲಿ ಕಣ್ಣಿಗೆ ಬೀಳುತ್ತವೆ. ಒಂದೇ ಕೈಯಿಂದ ತೆರೆಯುವಂಥವು, ಹೆಸರು ಕೇಳದ ಲೋಹಗಳವು. ಚಿನ್ನದ ಚೂರಿಯೆಂದು ಯಾರೂ ಹೊಟ್ಟೆಗೆ ಚುಚ್ಚಿಕೊಳ್ಳುವುದಿಲ್ಲ. ಬೆಲೆ ಹೆಚ್ಚಾದರೆ ಕಲ್ಲಿಗೆ ತಾಗೀತೆಂಬ ಅಂಜಿಕೆಯಿಂದ ಅದನ್ನು ಬಳಸುವುದೇ ಇಲ್ಲ. ಯಾವುದನ್ನು ಕೊಳ್ಳುವ ಮೊದಲೂ ಒಂದು ತಿಂಗಳು ಇರುವ ಚಾಕನ್ನೇ ಬಳಸಿ, ಅದು ಎಲ್ಲೆಲ್ಲಿ ಕೈಕೊಟ್ಟಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು. ಮೇಷ್ಟ್ರ ಚೀಟಿಯಲ್ಲಿ ಹನ್ನೊಂದು ಸಾಲುಗಳಿದ್ದುವು. ಒಂಬತ್ತು ಸಾಲು ಕೊಯ್ಯುವುದಕ್ಕೇ ಸಂಬಂಧಿಸಿದುವು. ತಿರುಪುಳಿ ಇನ್ನೂ ದೊಡ್ಡದಿರಬೇಕಿತ್ತೆಂದು ಒಂದು ಸಾಲೂ ಇರಲಿಲ್ಲ.

ಚಾಕು ಬಂದದ್ದು ಮುಂಗಾರಿನ ಮೊದಲ ಮಳೆಯ ವಾರದಲ್ಲಿ. ಮರದ ಹಿಡಿ ನೀರು ಕುಡಿದು ಉಬ್ಬಿ, ಅಲಗು ಹೊರಗೆ ಬರಲೊಲ್ಲದೆ ಹಟ ಹಿಡಿಯಿತು. ಈ ಜಾತಿಯ ಚಾಕಿನ ಸಹಜ ದೋಷ ಇದು. ಅದರ ತವರಿನ ರೈತರು ಮುಚ್ಚಿದ ಚಾಕಿನ ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿ ಅಲಗಿನ ತುದಿಯನ್ನು ಹೊರಗೆ ತರುತ್ತಾರೆ. ಮೇಷ್ಟ್ರು ಅದಕ್ಕಿಂತ ಮುಂದೆ ಹೋಗಿ ಹಿಡಿಯನ್ನು ಮೂರು ದಿನ ಬಿಸಿಲಿನಲ್ಲಿಟ್ಟು ಅಗಸೆಯ ಎಣ್ಣೆ ಕುಡಿಸಿದರು. ಆ ಮೇಲೆ ತಕರಾರಿಲ್ಲ. ಈಗ ಕೆಂಪು ಚಾಕು ಎದೆಗಿಸೆಯಲ್ಲಿ ತನ್ನ ಹಳೆಯ ಜಾಗದಲ್ಲಿಯೇ ಇದೆ. ಮರದ ಹಿಡಿಯದು ಹೊಲದ ಚೀಲದಲ್ಲಿ. ಆಯುಧಪೂಜೆಯಂದು ಎರಡಕ್ಕೂ ಕುಂಕುಮ ಬಿತ್ತು. ತೊಲೆಗೆ ಚುಚ್ಚಿದ ಚೂರಿಯನ್ನೂ ಅಂದು ಇಳಿಸಿ ತಂದು ಪಕ್ಕದಲ್ಲಿಟ್ಟಿದ್ದರು. ಈ ವರ್ಷ ನೆಟ್ಟ ಮಲ್ಲಿಗೆಯ ಕಡ್ಡಿಗಳಲ್ಲಿ ಕೊಳೆತವು ಬೆರಳೆಣಿಕೆಯಷ್ಟೇ.

ಹುಣಸೆ ಬಡಿಯುವ ಕಾಲ ಮುಗಿಯುವಷ್ಟರಲ್ಲಿ ಹೊಸ ಅಲಗು ಮೋಡದ ಬಣ್ಣಕ್ಕೆ ತಿರುಗಿತ್ತು. ಕುಡುಗೋಲು ಹದ ಮಾಡಿಸಲು ಹೋದ ದಿನ ಮೇಷ್ಟ್ರು ಅದನ್ನು ಕಮ್ಮಾರನಿಗೆ ತೋರಿಸಿದರು. ಕೈಗೆ ಕೊಡಲಿಲ್ಲ, ಹರಿತವಾದದ್ದನ್ನು ಕೈಯಿಂದ ಕೈಗೆ ಕೊಡಬಾರದೆಂಬುದು ಅವರ ಮನೆಯ ರೂಢಿ, ಅಡಿಗಲ್ಲಿನ ಮೇಲಿಟ್ಟರು. ಅವನು ಎತ್ತಿಕೊಂಡು ಉಗುರಿನಿಂದ ಅಲಗನ್ನು ತಟ್ಟಿ, ಕಿವಿಗೊಟ್ಟು, ಉಂಗುರವನ್ನು ಎರಡು ಸಲ ತಿರುಗಿಸಿ ನೋಡಿದ.

“ಇದು ತುಕ್ಕು ಹಿಡಿಯೋ ಉಕ್ಕು, ಮೇಷ್ಟ್ರೆ. ನಮ್ಮ ಲಾರಿಪಟ್ಟಿ ಜಾತಿದೇ ಐತಿ. ಎಷ್ಟು ಕೊಟ್ರಿ?”

ಮೇಷ್ಟ್ರು ಕೊಟ್ಟದ್ದರ ಅರ್ಧ ಹೇಳಿದರು. ಅದಕ್ಕೂ ಅವನು ಬಹಳ ಹೊತ್ತು ನಕ್ಕ.